ಪೂಜೆಗೆ ಕೂತ ಏಸಿ

ಪುಣೆ ಕ್ಯಾಂಪಿನಲ್ಲಿ ಜೋಳ, ಬೆಲ್ಲ, ಬ್ಯಾಡಗಿ ಮೆಣಸಿನಕಾಯಿ ಮಾರುವ ಕಾಡಪ್ಪನವರು ಏಸಿ ಕೊಂಡದ್ದು ತಮ್ಮ ಸುಖಕ್ಕಲ್ಲ, ಬೀಗತಿಯ ಬಾಯಿ ಮುಚ್ಚಿಸಲಿಕ್ಕೆ. ಬೀಗತಿಯ ಬಾಯಿ ಮುಚ್ಚಿಸಿದ ಗಂಡಸು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ಅವರಿಗೆ ಯಾರಾದರೂ ಹೇಳಬೇಕಿತ್ತು. ಹೇಳುವ ಧೈರ್ಯ ಇದ್ದದ್ದು ಹೆಂಡತಿ ರುದ್ರವ್ವನಿಗೆ ಮಾತ್ರ. ಆಕೆ ಹೇಳಿಯೂ ಇದ್ದಳು. ಕಾಡಪ್ಪನವರು ಕೇಳಿಸಿಕೊಂಡಿರಲಿಲ್ಲ.

ಸಂಗತಿ ಇಷ್ಟೇ. ಅವರ ಒಬ್ಬಳೇ ಮಗಳು ಕುಶಲ, ಸೊಲ್ಲಾಪುರಕ್ಕೆ ಕೊಟ್ಟವಳು, ಈಗ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ಪದ್ಧತಿ. ಆದರೆ ಕಾಡಪ್ಪನವರ ಮನೆಯೆಂದರೆ ಅಂಗಡಿಯ ಮೇಲಿನ ಅಟ್ಟ, ಅದರ ಮೇಲೆ ತಗಡಿನ ಪತ್ರಾಸು. ಬೇಸಿಗೆಯಲ್ಲಿ ರುದ್ರವ್ವ ಹಪ್ಪಳವನ್ನು ಮನೆಯೊಳಗೇ ಒಣಗಿಸುತ್ತಿದ್ದಳು. ಬೀಗತಿ ಗೌರಾಬಾಯಿ ಒಮ್ಮೆ ಬಂದವರು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, "ಈ ಪತ್ರಾಸಿನ ಬುಡಕ ಬಾಣಂತನ ಮಾಡಿದ್ರ ಕೂಸು ಸುಟ್ಟ ಬದನಿಕಾಯಿ ಆಗ್ತದ್ರಿ. ನಮ್ಮ ಕಲ್ಲಿನ ವಾಡೇದಾಗೇ ಇರ್ಲಿ ಹುಡುಗಿ" ಎಂದುಬಿಟ್ಟರು. ಸೊಲ್ಲಾಪುರದವರು ಪುಣೆಗೆ ಬಂದು ಸೆಖೆ ಎನ್ನುವುದೇ? ಮೀನು ಬಂದು ಕಪ್ಪೆಗೆ ನೀನು ಒದ್ದೆ ಎಂದಂತಾಯಿತು. ಆದರೂ ಆ ಮಾತು ಕಾಡಪ್ಪನವರ ಎದೆಯಲ್ಲಿ ಮುರಿದ ಮುಳ್ಳಿನಂತೆ ನಿಂತಿತು. ಮಗಳ ಮೊದಲ ಕೂಸಿನ ಮೊದಲ ಅಳು ತಮ್ಮ ಮನೆಯಲ್ಲಿ ಕೇಳದಿದ್ದರೆ ತಾವು ಎಂಥ ಅಪ್ಪ ಎಂದು ಅವರಿಗೆ ಊಟ ಸೇರದಾಯಿತು.

"ಹೆರಿಗಿ ಬರೂದು ಚಳಿಗಾಲದಾಗ್ರಿ. ಆವಾಗ ಎಲ್ಲಿ ಸೆಖಿ?" ಎಂದಳು ರುದ್ರವ್ವ.

"ನಿನಗ ತಿಳಿಯಂಗಿಲ್ಲ, ಸುಮ್ಮನಿರು. ಇದು ಮರ್ಯಾದಿ ಪ್ರಶ್ನೆ" ಎಂದರು ಕಾಡಪ್ಪನವರು. ಮರ್ಯಾದೆಯ ಪ್ರಶ್ನೆಗೆ ಋತುಮಾನ ಇಲ್ಲ.

ಹೀಗೆ, ಬಾಗಿಲು ಮುಚ್ಚಿದ ಯಾವುದೋ ಕಚೇರಿಯ ಹರಾಜಿನಲ್ಲಿ ಕಿಟಕಿಗೆ ಕೂರಿಸುವ ಏಸಿಯೊಂದು ಅವರ ಪಾಲಿಗೆ ಬಂತು. ಅದನ್ನು ಅಟ್ಟದ ಹಿತ್ತಲ ಕಿಟಕಿಗೆ ಕೂರಿಸಿದರು. ಆ ಕಿಟಕಿಯ ಕೆಳಗೇ ಅವರ ಮೆಣಸಿನಕಾಯಿ ಕುಟ್ಟುವ ಯಂತ್ರ, ಕಾಂಡಪ, ಇತ್ತು. ಇಡೀ ಮನೆಯಲ್ಲಿ ಅದೊಂದು ಕಿಟಕಿ ಬಿಟ್ಟು ಬೇರೆ ಯಾವ ಕಿಟಕಿಗೆ ಕೂರಿಸಿದ್ದರೂ ಈ ಕಥೆ ನಡೆಯುತ್ತಿರಲಿಲ್ಲ. ಹಣೆಬರಹ ಎನ್ನುವುದು ಹಣೆಯ ಮೇಲಷ್ಟೇ ಇರುತ್ತದೆ ಎಂದು ಯಾರು ಹೇಳಿದರು?

ಮೊದಮೊದಲು ಏಸಿ ತಣ್ಣಗೆ ಬೀಸಿತು. ಅಕ್ಕಪಕ್ಕದವರು ಬಂದು ಕುಳಿತು, ಮೈ ಜುಮ್ಮೆನಿಸಿಕೊಂಡು, ಚಹಾ ಕುಡಿದು ಹೋದರು. ಆದರೆ ಕಾಂಡಪ ಕುಟ್ಟುತ್ತಲೇ ಇತ್ತು, ಏಸಿ ಉಸಿರೆಳೆಯುತ್ತಲೇ ಇತ್ತು. ನವರಾತ್ರಿ ಬರುವ ಹೊತ್ತಿಗೆ ಗುಂಡಿ ಒತ್ತಿದರೆ ತಂಪಿಗಿಂತ ಮೊದಲು ಖಾರ ಬರತೊಡಗಿತು. ದೇವರ ಮುಂದೆ ಘಟ ಹಾಕಿ ಕುಳಿತಿದ್ದ ರುದ್ರವ್ವ ಮಂಗಳಾರತಿಯ ನಡುವೆ ಸೀನಿ ದೀಪ ಆರಿಸಿದಳು.

ಅಷ್ಟರಲ್ಲಿ ಸೊಲ್ಲಾಪುರದಿಂದ ಸುದ್ದಿ ಬಂತು: ನವಮಿಯ ಮಧ್ಯಾಹ್ನ ಬೀಗರಿಬ್ಬರೂ ಕುಶಲಳನ್ನು ಕರೆದುಕೊಂಡು ಹಬ್ಬಕ್ಕೆ ಬರುತ್ತಾರೆ. ಗೌರಾಬಾಯಿ ಕೋಣೆ ನೋಡುತ್ತಾರೆ. ಮನಸ್ಸಿಗೆ ಬಂದರೆ ಹುಡುಗಿಯನ್ನು ಹೆರಿಗೆಗೆ ಬಿಟ್ಟು ಹೋಗುತ್ತಾರೆ. ಬಾರದಿದ್ದರೆ ದಸರೆಯ ಸಂಜೆಯ ಗಾಡಿಗೆ ಹುಡುಗಿಯೂ ವಾಪಸು.

ಕಾಡಪ್ಪನವರು ಅಷ್ಟಮಿಯ ದಿನವೇ ಜಟ್ಟೆಪ್ಪನಿಗೆ ಹೇಳಿ ಕಳಿಸಿದರು. ಜಟ್ಟೆಪ್ಪ ಯಾದಗಿರಿ ಕಡೆಯವನು. ಸಿಮೆಂಟು ಹೊರಲು ಪುಣೆಗೆ ಬಂದು, ಕಚೇರಿಗಳ ಏಸಿ ತೊಳೆಯುವ ಮಿಸ್ತ್ರಿಯೊಬ್ಬನ ಕೈಕೆಳಗೆ ಪಳಗಿ, ಈಗ ತನ್ನದೇ ಸೈಕಲ್ಲು, ತನ್ನದೇ ಬ್ರಷ್ಷು, ತನ್ನದೇ ಕಾಲುಪಂಪು ಇಟ್ಟುಕೊಂಡು ಮನೆಮನೆಯ ಏಸಿ ಸ್ವಚ್ಛ ಮಾಡುತ್ತಿದ್ದ. ಜೋಳಕ್ಕೆ ಕಾಡಪ್ಪನವರ ಅಂಗಡಿಗೇ ಬರುತ್ತಿದ್ದ. ಕೆಲಸ ಬಲ್ಲವನೇ, ಆದರೆ ಮಾತು ಮಾತ್ರ ದೊಡ್ಡಾಸ್ಪತ್ರೆಯ ಡಾಕ್ಟರದು.

ಅವನು ಮುಂದಿನ ಮುಚ್ಚಳ ಬಿಚ್ಚಿದ. ಒಳಗಿನ ಜಾಳಿಗೆ ಕೆಂಪಗೆ, ಮಸಾಲೆ ಹಚ್ಚಿದ ಮೀನಿನಂತೆ ಕುಳಿತಿತ್ತು. ಜಟ್ಟೆಪ್ಪ ಅದನ್ನು ನೋಡಿದ, ಮೂಸಿದ, ಸೀನಿದ, ಕಣ್ಣೊರೆಸಿಕೊಂಡ.

"ಸಾವ್ಕಾರ್ರ, ಇದಕ್ಕ ದಮ್ಮು ಹತ್ಯಾದ್ರಿ."

"ಔಷಧ ಏನು?"

"ಜಳಕ್ರಿ. ಮುಚ್ಚಳ, ಜಾಳಿಗಿ, ಗಾಳಿ ಚಕ್ರ ಬಿಚ್ಚಿ ಸೋಪ ಹಚ್ಚಿ ತಿಕ್ಕಬೇಕು. ಹಿಂದಿನ ನಳಿಗಿ ಆಮ್ಯಾಲ ಇಲ್ಲೇ ಬ್ರಷ್ ಹಾಕಿ ತೊಳಿತೀನಿ. ಬಚ್ಚಲ ಯಾವ ಕಡಿ ಅದ ಹೇಳ್ರಿ."

ಬಚ್ಚಲಿನ ಬಾಗಿಲಿಗೆ ರುದ್ರವ್ವ ಅಡ್ಡ ನಿಂತಳು. "ಖಾರದ ನೀರು ನನ್ನ ಬಚ್ಚಲಕ್ಕ ಹಾಕಾಂವ ಯಾಂವ? ನಾಳೆ ಹಬ್ಬ. ಮಂದಿ ಎಣ್ಣಿ ಹಚ್ಕೊಂಡು ಅಲ್ಲೇ ಕುಂದ್ರವ್ರು. ಎಲ್ಲಿ ಉರಿ ಹತ್ತತದ ಅಂತ ನಾ ಬಾಯಿ ಬಿಟ್ಟು ಹೇಳ್ಬೇಕೇನು?"

ಬಾಯಿ ಬಿಟ್ಟು ಹೇಳುವ ಅಗತ್ಯ ಇರಲಿಲ್ಲ. ಇಬ್ಬರೂ ಗಂಡಸರು ಒಂದೇ ಸಲ ಹಿಂದೆ ಸರಿದರು. ಜಟ್ಟೆಪ್ಪ ಮುಚ್ಚಳ, ಜಾಳಿಗೆ, ಚಕ್ರ ಮೂರನ್ನೂ ಗೋಣಿಚೀಲಕ್ಕೆ ತುಂಬಿ ಸೈಕಲ್ಲಿಗೆ ಕಟ್ಟಿದ. ಅವನ ಮನೆ ಪರ್ವತಿ ಗುಡ್ಡದ ಬುಡದ ವಸ್ತಿಯಲ್ಲಿ, ಕಾಲುವೆಯ ದಂಡೆಗೆ. ಅಲ್ಲಿ ನೀರಿಗೇನು ಬರ? "ಮುಂಜಾನಿ ಬಿಸಿಲೇರೂದ್ರಾಗ ತಂದು ಹಚ್ಚತೀನ್ರಿ. ನಿಮ್ಮ ಬೀಗರಿಗೆ ಕಂಬಳಿ ತೆಗೆದಿಡ್ರಿ" ಎಂದು ಪೆಡಲ್ ತುಳಿದ.

ನವಮಿಯ ಬೆಳಿಗ್ಗೆ ಕಾಡಪ್ಪನವರು ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಮುಗಿಸಿದರು. ತಕ್ಕಡಿ, ತೂಕದ ಕಲ್ಲು, ಕಾಂಡಪ, ದುಡ್ಡಿನ ಗಲ್ಲೆ ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವು. ಪೂಜೆಗೆ ಕೂರಿಸಿದ್ದನ್ನು ಮರುದಿನ ಬನ್ನಿ ಮುಡಿಯುವ ತನಕ ಎತ್ತಬಾರದು, ಎತ್ತಿದರೆ ವರ್ಷವಿಡೀ ಕಸುಬು ಕೈಕೊಡುತ್ತದೆ. ಈ ವಿಷಯದಲ್ಲಿ ಕಾಡಪ್ಪನವರು ಅಪ್ಪನಿಗಿಂತ ಕಟ್ಟುನಿಟ್ಟು, ಅಜ್ಜನಿಗಿಂತ ಒಂದು ಗುಂಜಿ ಹೆಚ್ಚು.

ಅಷ್ಟರಲ್ಲಿ ಮುದುಕಿಯೊಬ್ಬಳು ಬಂದು ಅರ್ಧ ತೆರೆದ ಬಾಗಿಲಲ್ಲಿ ನಿಂತಳು. ಯಾದಗಿರಿ ಕಡೆಯ ಕೂಲಿ ಮಂದಿಯೆಲ್ಲ ಅವರಲ್ಲೇ ಸಾಮಾನು ಒಯ್ಯುತ್ತಿದ್ದುದರಿಂದ ಮುಖ ಗುರುತಿತ್ತು, ಹೆಸರು ಗೊತ್ತಿರಲಿಲ್ಲ.

"ಯಪ್ಪಾ, ಪಾವ್ ಕಿಲೋ ಬೆಲ್ಲ ಕೊಡ್ರಿ. ನೈವೇದ್ಯಕ್ಕ ಒಂದು ಹರಳೂ ಇಲ್ಲ."

"ಪೂಜಿ ಆಗ್ಯಾದಬೇ. ತಕ್ಕಡಿ ಮುಟ್ಟಂಗಿಲ್ಲ."

"ತೂಗಬ್ಯಾಡ್ರಿ. ಕಣ್ಣಳತಿ ಮ್ಯಾಲ ಒಂದು ಹೆಂಟಿ ಕೊಡ್ರಿ. ದೂರದಿಂದ ಬಂದೀನಿ."

ಒಂದು ಹೆಂಟೆ ಮುರಿದು ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಆದರೆ ಕಾಡಪ್ಪನವರಿಗೆ ಉಪದೇಶ ಮಾಡುವ ಅವಕಾಶ ಸಿಕ್ಕಿದರೆ ವ್ಯಾಪಾರವೂ ಬೇಡ, ಪುಣ್ಯವೂ ಬೇಡ. "ಇವತ್ತು ಅದು ತಕ್ಕಡಿ ಅಲ್ಲಬೇ, ದೇವರು" ಎಂದು ಬೆರಳೆತ್ತಿ ಹೇಳಿದರು. "ದೇವರ ಕಣ್ಮುಂದ ತೂಗಲಾರದ ಮಾಲು ಕೊಡ್ಲೇನು? ಪದ್ಧತಿ ಅಂದ್ರ ಪದ್ಧತಿ. ನಾವ ಬಿಟ್ರ ಹಿಡಿಯವ್ರು ಯಾರು?"

ಮುದುಕಿ ಅವರ ಬೆರಳನ್ನು ಒಂದಿಷ್ಟು ನೋಡಿ, "ಖರೇ ಅದರಿ" ಎಂದು ಹೊರಟುಹೋದಳು.

ಬಿಸಿಲೇರಿತು. ಜಟ್ಟೆಪ್ಪ ಬರಲಿಲ್ಲ. ಮೇಲೆ ಕೋಣೆಯಲ್ಲಿ ಏಸಿ ಮುಚ್ಚಳವಿಲ್ಲದೆ, ನಳಿಗೆಗಳನ್ನೆಲ್ಲ ತೋರಿಸಿಕೊಂಡು ಹಲ್ಲು ಕಿರಿಯುತ್ತಿತ್ತು. ಕಾಡಪ್ಪನವರು ರಸ್ತೆಗೆ ಬಂದು ರಿಕ್ಷಾ ಕೇಳಿದರು. ರಿಕ್ಷಾದವನು ಹಾರ ಹಾಕಿದ ಗಾಡಿಗೆ ಒರಗಿ, "ಪೂಜಾ ಝಾಲಿ" ಎಂದು, ಅಂದರೆ ಪೂಜೆ ಆಯಿತೆಂದು, ಮುಖ ತಿರುಗಿಸಿದ. ಪುಣೆಯ ರಿಕ್ಷಾದವರಿಗೆ ಇಲ್ಲ ಎನ್ನಲು ಹಬ್ಬವೇ ಬೇಕೆಂದಿಲ್ಲ, ಇವತ್ತು ಹಬ್ಬವೂ ಸಿಕ್ಕಿತ್ತು. ಕೊನೆಗೆ ಬಸ್ಸಿನಲ್ಲಿ ನೇತಾಡಿಕೊಂಡು, ಉಳಿದದ್ದನ್ನು ನಡೆದುಕೊಂಡು, ಜಟ್ಟೆಪ್ಪನನ್ನು ಹೇಗೆ ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಮಸೆಯುತ್ತ ಪರ್ವತಿ ಬುಡಕ್ಕೆ ಬಂದು ತಲುಪಿದರು.

ಜಟ್ಟೆಪ್ಪ ಗುಡಿಸಲಿನ ಬಾಗಿಲಲ್ಲಿ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಒಳಗೆ ನೋಡಿದ ಕಾಡಪ್ಪನವರ ಬಾಯಿಂದ ಮಸೆದ ಮಾತು ಒಂದೂ ಹೊರಡಲಿಲ್ಲ. ಗೋಡೆಗೆ ಒರಗಿಸಿದ್ದ ಏಸಿಯ ಮುಚ್ಚಳ ಥಳಥಳ ಹೊಳೆಯುತ್ತಿತ್ತು, ಅದರ ಹಣೆಗೆ ಮೂರು ಬೆರಳಿನ ವಿಭೂತಿ. ಜಾಳಿಗೆಗೆ ಚೆಂಡು ಹೂವಿನ ಹಾರ. ಗಾಳಿ ಚಕ್ರ ನೆಟ್ಟಗೆ ನಿಂತು ಅರಿಶಿನ ಕುಂಕುಮ ಹಚ್ಚಿಸಿಕೊಂಡು ಗ್ರಾಮದೇವತೆಯ ಗತ್ತಿನಲ್ಲಿತ್ತು. ಪಕ್ಕಕ್ಕೆ ಸ್ಕ್ರೂಡ್ರೈವರು, ಪಾನಾ, ಬ್ರಷ್ಷು, ಕಾಲುಪಂಪು, ಎಡಬಲಕ್ಕೆ ಕಬ್ಬು. ಕಾಡಪ್ಪನವರ ಕಾಲು ತಾನಾಗಿಯೇ ಚಪ್ಪಲಿ ಬಿಟ್ಟಿತು, ಕೈ ತಾನಾಗಿಯೇ ಮುಗಿಯಿತು.

"ನಾ ತೊಳದು ಒಣಾ ಹಾಕಿ ಮಲಗಿದ್ದೆರಿ. ಏಳೂದ್ರಾಗ ನಮ್ಮವ್ವ ಎಲ್ಲಾ ಕೂಡಿ ಪೂಜಿಗೆ ಕುಂದ್ರಿಸಿಬಿಟ್ಟಾಳ" ಎಂದ ಜಟ್ಟೆಪ್ಪ, ಅಳುವ ದನಿಯಲ್ಲಿ.

"ಆರತಿನೂ ಆಗ್ಯಾದೇನು?"

"ಆಗ್ಯಾದರಿ."

"ಟೆಂಗು?"

"ಒಡದಾಳ್ರಿ."

ಅಷ್ಟರಲ್ಲಿ ಅವನ ಅವ್ವ ತಿಪ್ಪವ್ವ ಒಲೆಯ ಕಡೆಯಿಂದ ಎದ್ದು ಬಂದಳು. ಬೆಳಿಗ್ಗೆ ಬೆಲ್ಲವಿಲ್ಲದೆ ಹೋದ ಮುದುಕಿ! ಆದರೂ ಕಾಡಪ್ಪನವರು ವ್ಯಾಪಾರಿ, ಪ್ರಯತ್ನ ಬಿಡಲಿಲ್ಲ.

"ಅವ್ವಾ, ಈ ಮೂರು ಸಾಮಾನು ನಿನ್ನ ಮಗನ ಆಯುಧ ಅಲ್ಲ. ನನ್ನವು."

"ಗೊತ್ತದರಿ. ಸಾವ್ಕಾರ್ರದು ಅಂತ ಕುಂಕುಮ ಜಾಸ್ತಿ ಹಚ್ಚೀನಿ."

"ಒಂದು ತಾಸಿಗೆ ಎತ್ತಿ ಕೊಡು. ನಾನ ತಂದು ಮತ್ತ ಇಡ್ತೀನಿ. ನನ್ನ ಮಗಳ ಬಾಣಂತನದ ಮಾತದ."

ಮುದುಕಿಯ ಮುಖ ಮೆತ್ತಗಾಯಿತು. ಹೆಣ್ಣುಮಕ್ಕಳ ಕಷ್ಟ ಅವಳಿಗೆ ತಿಳಿಯದ್ದೇ? ಆದರೆ ಬೆರಳು ಮಾತ್ರ ನಿಧಾನಕ್ಕೆ ಮೇಲೆದ್ದಿತು, ಬೆಳಿಗ್ಗೆ ಕಾಡಪ್ಪನವರು ಎತ್ತಿದ ರೀತಿಯಲ್ಲೇ. "ಇವತ್ತು ಅದು ಜಾಳಿಗಿ ಅಲ್ಲರಿ, ದೇವರು. ನೀವ ಹೇಳಿ ಕಳಿಸೀರಿ. ಪದ್ಧತಿ ನಾವ ಬಿಟ್ರ ಹಿಡಿಯವ್ರು ಯಾರು?"

ತಾವು ಕೊಟ್ಟ ಉಪದೇಶ ತಮಗೇ ಬಡ್ಡಿ ಸಮೇತ ತಿರುಗಿ ಬಂದಾಗ ಯಾವ ಸಾಹುಕಾರನೂ ಬೇಡ ಎನ್ನಲಾರ. ಅವರು ಸುಮ್ಮನೆ ಕುಳಿತು, ತಿಪ್ಪವ್ವ ಕೊಟ್ಟ ಸಪ್ಪೆ ಕಡುಬಿನ ಪ್ರಸಾದ ತಿಂದರು. ಬೆಲ್ಲ ಇಲ್ಲದ ಹೂರಣ ಗಂಟಲಲ್ಲಿ ನಿಂತಿತು.

ವಾಪಸು ಬರುವ ಬಸ್ಸಿನಲ್ಲಿ ಜಟ್ಟೆಪ್ಪನೂ ಬರಿಗೈಯಲ್ಲಿ ಜೊತೆಗೆ ಬಂದ. ಕೆಟ್ಟ ಉಪಾಯಗಳೆಲ್ಲ ಬಸ್ಸಿನಲ್ಲಿ ಹುಟ್ಟುತ್ತವೆಯೋ ಏನೋ, ಇದೂ ಅಲ್ಲೇ ಹುಟ್ಟಿತು. ಒಂದು ಬರ್ಫಿನ ಗಡ್ಡೆ ತರುವುದು. ಏಸಿಯ ಮುಂದೆ ಪರದೆ ಕಟ್ಟುವುದು. ಪರದೆಯ ಹಿಂದೆ ಜಟ್ಟೆಪ್ಪ ಕುಳಿತು ಬರ್ಫಿನ ಮೇಲಿಂದ ಮೊರ ಬೀಸುವುದು. ಮೊರಕ್ಕೆ ಯಾರೂ ಪೂಜೆ ಮಾಡಿರಲಿಲ್ಲ.

"ಸಪ್ಪಳ?" ಎಂದರು ಕಾಡಪ್ಪನವರು. "ಮಷೀನಿನ ಸಪ್ಪಳ ಬ್ಯಾಡೇನು?"

"ಅದನ್ನ ಬಾಯಿಲೆ ಮಾಡ್ತೀನ್ರಿ" ಎಂದ ಜಟ್ಟೆಪ್ಪ.

ಮಧ್ಯಾಹ್ನ ಬೀಗರು ಬಂದರು. ಬೀಗ ಶಿವಪುತ್ರಪ್ಪನವರು ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಗೌರಾಬಾಯಿಯೇ ಆಡುತ್ತಿದ್ದರು. ಕುಶಲ ಬೆವರಿಳಿಸುತ್ತ, ಊದಿದ ಪಾದ ಎತ್ತಿಡುತ್ತ ಮೆಟ್ಟಿಲು ಹತ್ತಿ ಬಂದು ಗೋಡೆಗೆ ಒರಗಿದಳು. ಅವಳನ್ನು ನೋಡಿ ಕಾಡಪ್ಪನವರು, ಇಲ್ಲೇ ಇರಲಿ ನನ್ನ ಕೂಸು ಎಂದು ಘಟದ ಕಡೆ ತಿರುಗಿ ಕೈ ಮುಗಿದರು. ಆಮೇಲೆ ಗೋಡೆಯ ಒಂದು ಸತ್ತ ಗುಂಡಿಯನ್ನು ಗತ್ತಿನಿಂದ ಒತ್ತಿದರು.

ಪರದೆಯ ಹಿಂದಿನಿಂದ "ಹೂಂಂಂ" ಎಂದು ಸದ್ದು ಬಂತು. ಪರದೆ ಅಲುಗಿತು. ಸ್ವಲ್ಪ ತಣ್ಣನೆಯ ಗಾಳಿಯೂ ಬಂತು ಅನ್ನಿ. ಗೌರಾಬಾಯಿ ಮೂಗು ಅರಳಿಸಿ ಕುಳಿತರು.

"ಸಪ್ಪಳ ನಡನಡುವ ನಿಲ್ಲತದಲ್ರಿ?"

"ಉಸುರು ತಗೋತದರಿ" ಎಂದುಬಿಟ್ಟರು ಕಾಡಪ್ಪನವರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ಮುಚ್ಚಳ, ಜಾಳಿಗೆ, ಚಕ್ರಗಳಿಗೇನೋ ಜಳಕ ಆಗಿತ್ತು. ಆದರೆ ಹಿಂದಿನ ನಳಿಗೆಗಳು ಇನ್ನೂ ಬ್ಯಾಡಗಿಯ ಖಾರ ಹೊತ್ತುಕೊಂಡು ಹಾಗೇ ಕುಳಿತಿದ್ದವು. ಮೊರದ ಗಾಳಿ ಅದನ್ನು ಎಬ್ಬಿಸಿತು. "ಹೂಂಂಂ" ಎನ್ನುತ್ತಿದ್ದ ಏಸಿ "ಹೂಂ... ಹಾ... ಹಾಕ್ಷೀ!" ಎಂದು ಸೀನಿತು, ಆಮೇಲೆ "ಶಿವಶಿವಾ" ಎಂದಿತು.

ಗೌರಾಬಾಯಿ ಎದ್ದು ಪರದೆ ಸರಿಸಿದರು. ಹಿಂದೆ ಕಣ್ಣುಮೂಗಿನಲ್ಲಿ ನೀರು ಸುರಿಸುತ್ತ, ಮೊರ ಹಿಡಿದು, ಬರ್ಫಿನ ನೀರಿನಲ್ಲಿ ತೊಯ್ದು ಕುಳಿತ ಜಟ್ಟೆಪ್ಪ. ಅವನ ಬೆನ್ನ ಹಿಂದೆ ಮುಖವಿಲ್ಲದ ಏಸಿ.

"ನಮಸ್ಕಾರ್ರಿ" ಎಂದ ಜಟ್ಟೆಪ್ಪ.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಕಾಡಪ್ಪನವರು ಚಾಪೆಯ ಮೇಲೆ ಕುಸಿದು ಕುಳಿತು ಎಲ್ಲವನ್ನೂ ಹೇಳಿದರು: ಕಾಂಡಪ, ಬಚ್ಚಲು, ತಿಪ್ಪವ್ವ, ಖಂಡೆ ಪೂಜೆ, ಬೆಲ್ಲ. ಹೇಳಿ ಮುಗಿಸಿ ಜಟ್ಟೆಪ್ಪನ ಕೈಯಿಂದ ಮೊರ ಕಸಿದುಕೊಂಡರು. "ಮಷೀನ್ ಇಲ್ಲಂತ ನನ್ನ ಮಗಳನ್ನ ವಾಪಸ್ ಒಯ್ಯಬ್ಯಾಡ್ರಿ. ನಾನ ಕುಂತು ಬೀಸಣಿಕಿ ಬೀಸ್ತೀನಿ."

ಗೌರಾಬಾಯಿ ಏಸಿಯನ್ನು ನೋಡಿದರು, ಗುಂಡಿಯನ್ನು ಒತ್ತಿ ನೋಡಿದರು. "ಖರೇನ ಬಂದ್ ಅದೇನ್ರಿ ಇದು?"

"ಖರೇನ ಬಂದ್ ಅದರಿ."

"ಸದ್ಯ! ನನ್ನ ಎದಿ ಈಗ ಹಗುರಾತು ನೋಡ್ರಿ" ಎಂದು ಅವರೂ ಚಾಪೆಗೆ ಕುಳಿತರು. "ಬಾಣಂತಿಗೆ ತಂಪುಗಾಳಿ ತಾಕಿದ್ರ ಸನ್ನಿ ಹಿಡೀತದ. ನೀವು ಮಷೀನ್ ತಂದೀರಿ ಅಂತ ಕೇಳಿದಾಗಿಂದ ನನಗ ನಿದ್ದಿಲ್ಲ. ಹುಡುಗೀನ ವಾಪಸ್ ಒಯ್ಯೂದು ಅಂತ ಖಾತ್ರಿ ಮಾಡ್ಕೊಂಡೇ ಬಂದಿದ್ದೆ."

"ನೀವ ಅಲ್ರಿ ಸೆಖಿ ಅಂದಿದ್ದು?"

"ಸೆಖಿ ಅಂದೆ. ಹಿಮಾಲಯ ತರ್ರಿ ಅಂದೆನೇನು? ಪತ್ರಾಸಿನ ಮ್ಯಾಲ ನಾಕು ತೊಯ್ದ ಗೋಣಿಚೀಲ ಹಾಸಿದ್ರ ಮುಗೀತಿತ್ತು."

ರುದ್ರವ್ವ ಅಡುಗೆಮನೆಯ ಬಾಗಿಲಿನಿಂದ ಗಂಡನನ್ನು ನೋಡಿದಳು. ಆ ನೋಟವನ್ನು ಇಲ್ಲಿ ಬರೆಯುವುದಿಲ್ಲ, ಮದುವೆಯಾದವರಿಗೆ ಗೊತ್ತಿರುತ್ತದೆ.

ಗೌರಾಬಾಯಿ ಘಟದ ಮುಂದೆ ಕಾಡಪ್ಪನವರಿಂದ ಮಾತು ತೆಗೆದುಕೊಂಡರು: ಕೂಸಿಗೆ ಹೆಸರಿಡುವ ತನಕ ಏಸಿ ನಡೆಸಬಾರದು. ಒಮ್ಮೆ ನಡೆದದ್ದು ಕಿವಿಗೆ ಬಿದ್ದರೂ ಹುಡುಗಿ ಸೊಲ್ಲಾಪುರಕ್ಕೆ. ಕಾಡಪ್ಪನವರು ಸಂತೋಷದಿಂದ ಮಾತು ಕೊಟ್ಟರು. ಶಿವಪುತ್ರಪ್ಪನವರು ಆ ದಿನ ಆಡಿದ ಒಂದೇ ಮಾತು, "ಬರ್ಫ್ ಹಾಳು ಮಾಡಬ್ಯಾಡ್ರಿ, ಪಾನಕ ಮಾಡ್ರಿ."

ಈ ಎಲ್ಲ ಮಾತಿನ ನಡುವೆ ಕುಶಲಳನ್ನು ಯಾರೂ ಏನೂ ಕೇಳಲಿಲ್ಲ.

ಮರುದಿನ ಸಂಜೆಯ ಮುಂಚೆಯೇ ಬನ್ನಿ ಮುಡಿದದ್ದಾಯಿತು. ಜಟ್ಟೆಪ್ಪ ಅವ್ವನ ಜೊತೆ ಬಂದ. ಈ ಸಲ ನಳಿಗೆಗಳನ್ನು ಹಲ್ಲುಜ್ಜಿದಷ್ಟು ನಾಜೂಕಾಗಿ ಬ್ರಷ್ ಹಾಕಿ ತೊಳೆದ, ಪಂಪಿನಿಂದ ಗಾಳಿ ಹೊಡೆದ, ಚಕ್ರ, ಜಾಳಿಗೆ, ಮುಚ್ಚಳ ಕೂರಿಸಿದ. ವಿಭೂತಿಯ ಗೆರೆ ಮಾತ್ರ ಒರೆಸಲಿಲ್ಲ.

"ಒಮ್ಮೆ ನಡಿಸಿ ನೋಡ್ತೀನ್ರಿ."

"ಗುಂಡಿ ಮುಟ್ಟಿದ್ರ ಕೈ ಮುರೀತೀನಿ. ಮಾತು ಕೊಟ್ಟೀನಿ."

"ಲಗ್ನಾ ಮಾಡಿ ಮಾರಿ ನೋಡಬ್ಯಾಡ ಅಂದಂಗಾತ್ರಿ" ಎಂದು ಗೊಣಗುತ್ತ ಜಟ್ಟೆಪ್ಪ ಕೆಳಗಿಳಿದ.

ಕೆಳಗೆ ಕಾಡಪ್ಪನವರು ತಕ್ಕಡಿ ಎತ್ತಿದರು. ಪೂಜೆ ಇಳಿದ ಮೇಲಿನ ಮೊದಲ ತೂಕ ತಿಪ್ಪವ್ವನ ಬೆಲ್ಲ. ತಟ್ಟೆ ಸರಿದೂಗಿದ ಮೇಲೆ ಕೈಯಾರೆ ಇನ್ನೊಂದು ಹೆಂಟೆ ಇಟ್ಟರು. "ನಿನ್ನೆ ಕೊಡಬೇಕಿತ್ತವ್ವ. ತಪ್ಪಾತು" ಎಂದರು. ತಿಪ್ಪವ್ವ ಬನ್ನಿ ಎಲೆ ಅವರ ಕೈಗಿಟ್ಟು, "ಬಂಗಾರದಂಗ ಇರೂಣ್ರಿ" ಎಂದಳು. ಅದೇ ಹೊತ್ತಿಗೆ ಬನ್ನಿ ಹಂಚಲು ಹೋಗಿದ್ದ ಗೌರಾಬಾಯಿಯೂ ರುದ್ರವ್ವನೂ ಬಂದು ಅಂಗಡಿಯ ಮೆಟ್ಟಿಲೇರಿದರು.

ಆಗ ಮೇಲಿನಿಂದ ಸದ್ದು ಬಂತು. ಒಂದೇ ಸಮನಾದ, ತುಂಬು ಗಂಟಲಿನ, ನಡುವೆ ಎಲ್ಲೂ ನಿಲ್ಲದ ಸದ್ದು.

ಜಟ್ಟೆಪ್ಪನ ಮುಖ ಅರಳಿತು. "ಕೇಳ್ರಿ! ಒಂದ ಕೆಮ್ಮಿಲ್ಲ..." ಎಂದು ಬಾಯಿ ತೆರೆಯುವಷ್ಟರಲ್ಲಿ ತಿಪ್ಪವ್ವ ಅವನ ಬಾಯಿಗೆ ಬೆಲ್ಲದ ಹೆಂಟೆ ತುರುಕಿದಳು. ಕಾಡಪ್ಪನವರು ಪಂಚೆ ಎತ್ತಿ ಕಟ್ಟಿ ಮೆಟ್ಟಿಲು ಹಾರಿದರು. ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ಬಾಗಿಲ ಸಂದಿಯಿಂದ ಅವರ ಕಾಲ್ಬೆರಳಿಗೆ ತಣ್ಣಗೆ ತಾಕಿತು.

"ಬಂದ್ ಮಾಡು ಕುಶಲ! ನಿಮ್ಮತ್ತಿ ಬಂದಾರ!"

"ಸ್ವಲ್ಪ ತಡಿಯಪ್ಪಾ" ಎಂದಿತು ಒಳಗಿನಿಂದ ಮಗಳ ದನಿ, ನಿದ್ದೆಗಣ್ಣಿನಲ್ಲಿ ಮಾತಾಡಿದಂತೆ. "ಕಾಲು ಭಾಳ ಉರೀತಿದ್ವು. ಈಗ ಹಾಯಾಗೇದ. ಹೆರಿಗಿಯಾದ ಮ್ಯಾಲ ಹಚ್ಚಂಗಿಲ್ಲ, ಆಣಿ. ನಾ ಇನ್ನಾ ಬಾಣಂತಿ ಅಲ್ಲಲ್ಲ."

ಇಡೀ ಊರಿಗೆ ಊರೇ ಅವಳ ಸುಖಕ್ಕಾಗಿ ಒದ್ದಾಡಿತ್ತು, ಅವಳನ್ನೊಂದು ಮಾತು ಕೇಳದೆ. ಹಿಂದೆ ಮೆಟ್ಟಿಲ ಮೇಲೆ ಗೌರಾಬಾಯಿಯ ಹೆಜ್ಜೆ ಕೇಳಿಸಿತು. ಕಾಡಪ್ಪನವರು ತಿರುಗಿ, ಬಾಗಿಲಿಗೆ ಬೆನ್ನು ಕೊಟ್ಟು ಕೆಳಗೆ ಕುಳಿತುಬಿಟ್ಟರು.

"ಏನ್ರಿ ಅದು ಸಪ್ಪಳ?" ಎಂದರು ಗೌರಾಬಾಯಿ.

"ಕಾಂಡಪ ರೀ. ಹಿತ್ತಲದಾಗ ಮೆಣಸಿನಕಾಯಿ ಕುಟ್ಟಾಕತ್ಯಾರ."

ಗೌರಾಬಾಯಿ ಅವರನ್ನು ನೋಡಿದರು, ಬಾಗಿಲನ್ನು ನೋಡಿದರು. ಕಾಡಪ್ಪನವರ ಎದೆ ಕಾಂಡಪಕ್ಕಿಂತ ಜೋರಾಗಿ ಕುಟ್ಟುತ್ತಿತ್ತು. ಊರೆಲ್ಲ ಬಿಸಿಲಲ್ಲಿ ಬನ್ನಿ ಹಂಚಿ ಬಂದ ಬೀಗತಿಯ ಮುಖ ಕೆಂಪಾಗಿತ್ತು, ಕುತ್ತಿಗೆಯಲ್ಲಿ ಬೆವರಿಳಿಯುತ್ತಿತ್ತು. ಅವರು ಸೆರಗು ಸರಿ ಮಾಡಿಕೊಂಡು ಹೊಸ್ತಿಲಿನ ಇನ್ನೊಂದು ತುದಿಗೆ ಕುಳಿತರು. ಮೆಟ್ಟಿಲ ಕಡೆಯಿಂದ ಬೇರೆ ಯಾರೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎರಡೂ ಪಾದಗಳನ್ನು ಬಾಗಿಲ ಸಂದಿಗೆ ಚಾಚಿದರು. ಕಣ್ಣು ತಾವಾಗಿಯೇ ಮುಚ್ಚಿಕೊಂಡವು.

ಆ ಸಂಜೆ ಸೊಲ್ಲಾಪುರದ ಗಾಡಿಗೆ ಬೀಗರಿಬ್ಬರೇ ಹೊರಟರು. ಅದಕ್ಕಿನ್ನೂ ಹೊತ್ತಿತ್ತು.

"ನಿಮ್ಮ ಕಾಂಡಪ ಭಾಳ ಛಲೋ ಅದರಿ, ಬೀಗರ" ಎಂದರು ಗೌರಾಬಾಯಿ, ಕಣ್ಣು ತೆರೆಯದೆ. "ಇನ್ನೂ ಸ್ವಲ್ಪ ಹೊತ್ತು ಕುಟ್ಲಿ."